ಮೆಸ್ಸೀಯ ಅಂತ ಮಗುವಿಗೆ ಹೆಸರಿಡಬಹುದಾ?

ಎಲ್ಲರೂ ಕುಳಿತುಕೊಳ್ಳಿ. ಬೈಬಲ್ ತಂದವರು ಬೈಬಲ್ ತೆಗೀರಿ, ಮೊಬೈಲ್‌ನಲ್ಲಿ ಓದುವವರು ವಾಟ್ಸಾಪ್ ಮುಚ್ಚಿ ಬೈಬಲ್ ಆ್ಯಪ್ ತೆಗೀರಿ. ಯೋಹಾನನ ಸುವಾರ್ತೆ, 1ನೇ ಅಧ್ಯಾಯ, 41ನೇ ವಚನ. ಅಂದ್ರೆಯನು ತನ್ನ ಸಹೋದರ ಸೀಮೋನನನ್ನು ಹುಡುಕಿಕೊಂಡು ಹೋಗಿ, ಮೆಸ್ಸೀಯನು ಸಿಕ್ಕಿದನು ಅಂತ ಹೇಳುವ ಭಾಗ.

ಪ್ರಿಯರೇ, ಸಂದೇಶಕ್ಕೆ ಮೊದಲು ನಿಮ್ಮ ಮುಂದೆ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಅವರ ಅನುಮತಿ ತಗೊಂಡೇ ಹೇಳ್ತಿದ್ದೀನಿ.

ನಮ್ಮ ಸಭೆಯ ಒಂದು ಯುವ ದಂಪತಿ. ಮದುವೆಯಾಗಿ ಆರು ವರ್ಷ, ಎರಡು ಸಲ ಗರ್ಭ ನಿಲ್ಲಲಿಲ್ಲ. ಕೊನೆಗೆ ಏಳನೇ ತಿಂಗಳಲ್ಲೇ ಗಂಡು ಮಗು ಹುಟ್ಟಿತು. ಎಷ್ಟೋ ದಿನ ಇನ್‌ಕ್ಯುಬೇಟರ್‌ನಲ್ಲಿತ್ತು. ನಾವೆಲ್ಲ ಉಪವಾಸ ಪ್ರಾರ್ಥನೆ ಮಾಡಿದ್ವಿ, ನೆನಪಿದೆಯಲ್ಲ? ಕರ್ತನು ಉಳಿಸಿದನು. ಹಲ್ಲೆಲೂಯಾ! ಮಗು ಮನೆಗೆ ಬಂದ ಮೇಲೆ ಒಂದು ಭಾನುವಾರ ಆರಾಧನೆ ಮುಗಿದಾಗ ಇಬ್ಬರೂ ಬಂದು ಕೇಳಿದರು: "ಪಾಸ್ಟರ್, ಮಗುವಿನ ಪ್ರತಿಷ್ಠೆ ಮಾಡಿಸಬೇಕು. ಮೆಸ್ಸೀಯ ಅಂತ ಹೆಸರಿಡಬೇಕು ಅಂತಿದ್ದೀವಿ."

ನಾನು ಏನಂದೆ ಗೊತ್ತಾ? "ಛೆ ಛೆ, ಅದು ನಮ್ಮ ಕರ್ತನ ಪಟ್ಟ. ಮನುಷ್ಯರಿಗೆ ಇಡೋ ಹೆಸರಲ್ಲ. ದೇವದೂಷಣೆ ಆಗುತ್ತೆ." ಅರ್ಧ ನಿಮಿಷದ ಮಾತು. ಯಾಕೆ ಅಂತ ಕೇಳಲಿಲ್ಲ, ಪ್ರಾರ್ಥನೆ ಮಾಡೋಣ ಅನ್ನಲಿಲ್ಲ. ಆ ತಂಗಿ ಮಗುವಿನ ಮೇಲೆ ಟವಲ್ ಎಳೆದುಕೊಂಡು ಸುಮ್ಮನೆ ಹೋದಳು. ಮುಂದಿನ ಎರಡು ಭಾನುವಾರ ಅವರು ಸಭೆಗೆ ಬರಲಿಲ್ಲ.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು.

ಅಮೆರಿಕದಲ್ಲಿ ಈ ಹೆಸರು ಹೊಸದೇನಲ್ಲ. 2012ರ ಒಂದೇ ವರ್ಷದಲ್ಲಿ ಅಲ್ಲಿ 762 ಗಂಡು ಮಕ್ಕಳಿಗೆ ಮೆಸ್ಸಾಯ ಅಂತ ಹೆಸರಿಟ್ಟಿದ್ದರು. ವೇಗವಾಗಿ ಮೇಲೇರುತ್ತಿದ್ದ ಹೆಸರುಗಳಲ್ಲಿ ಅದೂ ಒಂದು. ಮರುವರ್ಷ, 2013ರ ಆಗಸ್ಟ್‌ನಲ್ಲಿ, ಟೆನೆಸ್ಸೀ ರಾಜ್ಯದ ಒಂದು ಕೋರ್ಟಿಗೆ ಏಳು ತಿಂಗಳ ಮಗುವಿನ ವಿಷಯ ಬಂತು. ತಂದೆತಾಯಿಯ ಜಗಳ ಇದ್ದದ್ದು ಕೊನೆ ಹೆಸರಿನ ಬಗ್ಗೆ ಮಾತ್ರ. ಆದರೆ ಅಲ್ಲಿನ ಮ್ಯಾಜಿಸ್ಟ್ರೇಟ್ ಮೊದಲ ಹೆಸರನ್ನೇ ತೆಗೆದರು. ಮೆಸ್ಸಾಯ ಬೇಡ, ಮಾರ್ಟಿನ್ ಅಂತ ಇಡಿ ಅಂತ ಆಜ್ಞೆ. ಕಾರಣ? ಅದು ಯೇಸು ಕ್ರಿಸ್ತನೊಬ್ಬನಿಗೇ ಸಲ್ಲುವ ಪಟ್ಟ! ಮುಂದಿನ ತಿಂಗಳೇ ಮೇಲಿನ ನ್ಯಾಯಾಧೀಶರು ಆ ಆಜ್ಞೆ ರದ್ದು ಮಾಡಿದರು. ನಿಮ್ಮ ನಂಬಿಕೆಯನ್ನ ಕೋರ್ಟಿನ ಆಜ್ಞೆ ಮಾಡೋ ಹಾಗಿಲ್ಲ, ಅದು ಅಲ್ಲಿನ ಸಂವಿಧಾನಕ್ಕೆ ವಿರುದ್ಧ ಅಂತ.

ಅದನ್ನ ಓದಿದಾಗ ನನಗೆ ನಾಚಿಕೆಯಾಯಿತು. ಆ ಮ್ಯಾಜಿಸ್ಟ್ರೇಟ್ ಹೇಳಿದ್ದನ್ನೇ ನಾನೂ ಹೇಳಿದ್ದೆ. ಅವರು ಹೇಳಿದ್ದು ಕೋರ್ಟಿನಲ್ಲಿ, ನಾನು ಹೇಳಿದ್ದು ಸಭೆಯ ಬಾಗಿಲಲ್ಲಿ. ಅಷ್ಟೇ ವ್ಯತ್ಯಾಸ.

ಸರಿ, ವಾಕ್ಯ ಏನು ಹೇಳುತ್ತೆ? ಇಬ್ರಿಯ ಭಾಷೆಯಲ್ಲಿ ಮಾಷಿಯಾಖ್ ಅಂದ್ರೆ ಎಣ್ಣೆ ಹಚ್ಚಿ ಪ್ರತ್ಯೇಕಿಸಲ್ಪಟ್ಟವನು, ಅಭಿಷಿಕ್ತನು. ಯಾಜಕಕಾಂಡ 4:3ರಲ್ಲಿ ಅಭಿಷಿಕ್ತನಾದ ಯಾಜಕನಿಗೆ ಇದೇ ಪದ. 1 ಸಮುವೇಲ 24ರಲ್ಲಿ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಸೌಲನನ್ನು ದಾವೀದನು ಕರ್ತನ ಅಭಿಷಿಕ್ತನು ಅಂದಾಗ ಇದೇ ಪದ. ಯೆಶಾಯ 45:1ರಲ್ಲಿ ಪಾರಸಿಯ ಅರಸನಾದ ಕೋರೆಷನಿಗೂ ಇದೇ ಪದ. ಇಸ್ರಾಯೇಲನವನೂ ಅಲ್ಲ, ದೇವರನ್ನ ಅರಿತವನೂ ಅಲ್ಲ!

ಇದೇ ಪದ ಗ್ರೀಕ್ ಭಾಷೆಗೆ ಹೋದಾಗ ಕ್ರಿಸ್ತೋಸ್ ಆಯಿತು. ಅದರಿಂದ ಕ್ರಿಸ್ತ, ಅದರಿಂದ ಕ್ರೈಸ್ತ. ಶಿಷ್ಯರಿಗೆ ಮೊದಲು ಆ ಹೆಸರು ಬಂದದ್ದು ಅಂತಿಯೋಕ್ಯದಲ್ಲಿ, ಅಪೊಸ್ತಲರ ಕೃತ್ಯಗಳು 11:26. ಸ್ಕೂಲ್ ಅಡ್ಮಿಷನ್ ಫಾರ್ಮ್‌ನಲ್ಲಿ ಧರ್ಮ ಅನ್ನೋ ಕಡೆ ಕ್ರೈಸ್ತ ಅಂತ ಬರೀತೀವಲ್ಲ, ಆತನ ಪಟ್ಟವನ್ನೇ ನಮ್ಮ ಮೇಲೆ ಬರ್ಕೊಂಡಿದ್ದೀವಿ! ನಮ್ಮ ದೇಶದಲ್ಲೇ ಪಂಜಾಬಿನ ಎಷ್ಟೋ ಬಡ ಕ್ರೈಸ್ತ ಕುಟುಂಬಗಳು ಮಸೀಹ್ ಅಂತ ಕೊನೆ ಹೆಸರು ಇಟ್ಕೊಂಡಿವೆ. ಅದೂ ಇದೇ ಪದ. ನಮ್ಮಲ್ಲಿ ಎಷ್ಟು ಜನ ಇಮ್ಮಾನುವೇಲ್ ಇದ್ದೀರಿ, ಕೈ ಎತ್ತಿ? ನೋಡಿ! ಅಭಿಷೇಕ್ ಅನ್ನೋ ಹೆಸರೂ ಹತ್ತಿರದ್ದೇ. ಅವರಿಗೆ ಯಾವ ಪಾಸ್ಟರೂ ದೇವದೂಷಣೆ ಅನ್ನಲಿಲ್ಲ.

ಹಾಗಾದ್ರೆ ಯೇಸು ಅನೇಕ ಅಭಿಷಿಕ್ತರಲ್ಲಿ ಬರೀ ಒಬ್ಬನಾ? ಖಂಡಿತ ಅಲ್ಲ. ಅವರಿಗೆಲ್ಲ ಅಭಿಷೇಕ ಆದದ್ದು ಒಂದು ಕೆಲಸಕ್ಕೆ, ಒಂದು ಕಾಲಕ್ಕೆ. ಈತನಿಗೆ ಪವಿತ್ರಾತ್ಮನಿಂದ. ಲೂಕ 4ರಲ್ಲಿ ನಜರೇತಿನ ಸಭಾಮಂದಿರದಲ್ಲಿ ಆತನು ಯೆಶಾಯನ ಸುರುಳಿ ಬಿಚ್ಚಿ ತನ್ನ ಅಭಿಷೇಕ ಯಾಕೆ ಅಂತ ತಿಳಿಸಿದನು: ಬಡವರಿಗಾಗಿ, ಸೆರೆಯಲ್ಲಿರುವವರಿಗಾಗಿ, ಕುರುಡರಿಗಾಗಿ. ಮತ್ತಾಯ 16ರಲ್ಲಿ ಪೇತ್ರನು ನೀನೇ ಕ್ರಿಸ್ತನು ಅಂದಾಗ, ಯಾರಿಗೂ ಹೇಳಬೇಡಿ ಅಂದನು. ಆ ಪಟ್ಟವನ್ನ ಬ್ಯಾನರ್ ಮಾಡಿಕೊಳ್ಳಲಿಲ್ಲ. ಶಿಲುಬೆಯಲ್ಲಿ ಅದರ ಬೆಲೆ ಕೊಟ್ಟನು. ರಕ್ಷಿಸುವ ಮೆಸ್ಸೀಯ ಒಬ್ಬನೇ. ಆಮೆನ್?

ಆ ದಂಪತಿಯ ಮನೆಗೆ ಹೋದೆ. ಕ್ಷಮೆ ಕೇಳಿದೆ. ಆಮೇಲೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: "ಯಾಕಮ್ಮ ಈ ಹೆಸರು?" ಆ ತಂಗಿ ಹೇಳಿದಳು: "ಇವನು ನಮ್ಮನ್ನ ಉಳಿಸ್ತಾನೆ ಅಂತಲ್ಲ ಪಾಸ್ಟರ್. ಇವನನ್ನ ಉಳಿಸಿದ್ದು ಯಾರು ಅಂತ ಕರೆಯೋವಾಗೆಲ್ಲ ನಮಗೆ ನೆನಪಿರಲಿ ಅಂತ."

ನನಗೆ ಮಾತೇ ಬರಲಿಲ್ಲ.

ಯೌವನಸ್ಥರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ತಾಯಿ ಹೆಸರಿಟ್ಟರೂ ಮಗನನ್ನ ಮೆಸ್ಸೀಯ ಮಾಡ್ತಿಲ್ಲ. ನಾವು? ಪ್ರದೀಪ್, ಪ್ರಿಯಾ ಅಂತ ಸಾಮಾನ್ಯ ಹೆಸರಿಟ್ಟು, ಮಕ್ಕಳನ್ನ ಮೆಸ್ಸೀಯ ಮಾಡ್ತೀವಿ. "ನಮ್ಮ ಮನೆ ಉದ್ಧಾರ ಮಾಡೋನು ಇವನೇ." "ಅಪ್ಪನ ಸಾಲ ತೀರಿಸೋಳು ಇವಳೇ." ನಿಮ್ಮಲ್ಲಿ ಎಷ್ಟು ಜನ ಇಪ್ಪತ್ತನಾಲ್ಕು ವರ್ಷಕ್ಕೇ ಊರಿನ ಮನೆ ಇಎಂಐ, ತಮ್ಮನ ಫೀಸು, ಅಮ್ಮನ ಔಷಧಿ ಎಲ್ಲ ಹೊತ್ಕೊಂಡು ಪಿಜಿ ರೂಮಲ್ಲಿ ರಾತ್ರಿ ಒಬ್ಬರೇ ಅಳ್ತೀರಿ, ನನಗೆ ಗೊತ್ತು. ಮನೆಯವರಿಗೆ ಸಹಾಯ ಮಾಡಿ. ಅದು ದೇವರ ಆಜ್ಞೆ. ಆದರೆ ನೀವು ಅವರ ರಕ್ಷಕರಲ್ಲ. ಆ ಕೆಲಸಕ್ಕೆ ನಿಮ್ಮನ್ನ ಕರೆದಿಲ್ಲ, ಆ ಕೆಲಸ ಆಗ್ಲೇ ಮುಗಿದಿದೆ. ಪಕ್ಕದವರಿಗೆ ಹೇಳಿ: ನೀನು ಮೆಸ್ಸೀಯ ಅಲ್ಲ! ಇನ್ನೊಂದು ಸಲ ಹೇಳಿ: ಆದರೆ ನಿನಗೆ ಅಭಿಷೇಕ ಇದೆ! 1 ಯೋಹಾನ 2:20 ಓದಿಕೊಳ್ಳಿ.

ಹೆಸರಿನ ಬಗ್ಗೆ ನನ್ನ ಸಲಹೆ ಇಷ್ಟೇ. ಈ ಹೆಸರು ಪಾಪ ಅಲ್ಲ. ಆದರೆ ಭಾರವಾದ ಹೆಸರು. ಸ್ಕೂಲಲ್ಲಿ ನಗ್ತಾರೆ, ಆಫೀಸಲ್ಲಿ ಕೇಳ್ತಾರೆ. ಫ್ಯಾಷನ್‌ಗೆ ಇಡೋದಾದರೆ ಬೇಡ. ಇಡೋದಾದರೆ ಆ ಅರ್ಥ ಮಗುವಿಗೆ ಕಲಿಸಿ: ಇದು ನಿನ್ನ ಕಿರೀಟ ಅಲ್ಲ ಕಂದ, ನಮ್ಮ ಸಾಕ್ಷಿ.

ಮುಂದಿನ ಭಾನುವಾರ ಆ ಮಗುವಿನ ಪ್ರತಿಷ್ಠೆ. ಯಾವ ಹೆಸರು ಅಂತ ತಂದೆತಾಯಿಯೇ ಹೇಳ್ತಾರೆ. ಯಾವುದೇ ಇರಲಿ, ನಾವೆಲ್ಲ ಜೋರಾಗಿ ಆಮೆನ್ ಹೇಳೋಣ.

ಈಗ ಎದ್ದು ನಿಲ್ಲಿ. ಯಾರಿಗೋ ಮೆಸ್ಸೀಯ ಆಗೋಕೆ ಹೋಗಿ ಸುಸ್ತಾದವರು ಮುಂದೆ ಬನ್ನಿ. ಪ್ರಾರ್ಥನೆ ಮಾಡೋಣ.