ಕಿಟಕಿಯ ಬದಿಯ ಮಂಚ

ನನ್ನ ತಂಗಿಯನ್ನು ಕೊಟ್ಟ ಊರು ಮಸೂತಿ. ವಿಜಯಪುರ ಜಿಲ್ಲೆಯಲ್ಲಿ ಕೊಲ್ಹಾರಕ್ಕೆ ಹತ್ತಿರದ, ಎರೆಭೂಮಿಯ ಊರು. ಕೃಷ್ಣೆಯ ಹಿನ್ನೀರು ಸಮೀಪವೇ ಇದ್ದರೂ ಅಲ್ಲಿ ಆಕಾಶದ ಮಳೆ ಮಾತ್ರ ಕಡಮೆ. ಆಕೆಯ ಮಗ ಪಿಯುಸಿ ಮುಗಿಸಿದ. ಧಾರವಾಡದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು, ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತು. ಹುಡುಗನನ್ನು ಅಲ್ಲಿ ಬಿಟ್ಟು ಬರುವ ಕೆಲಸ, ಕಾಲೇಜಿನಲ್ಲಿ ಪಾಠ ಹೇಳುವ ಸೋದರಮಾವನಾದ ನನ್ನ ಪಾಲಿಗೆ ಬಂತು. “ಅಣ್ಣಾ, ನಿನಗ ಅಲ್ಲಿ ಎಲ್ಲಾ ಗೊತ್ತೈತಿ. ಹುಡುಗಗ ಚೊಲೊ ಜಾಗಾ ನೋಡಿ ಕೊಡಸು” ಎಂದಳು ತಂಗಿ.

ಸಾಮಾನು ಕಟ್ಟುವುದೇ ಒಂದು ಪ್ರಕರಣವಾಯಿತು. ಟ್ರಂಕು, ಬಕೀಟು, ಬೀಗ. ತಿಂಗಳಿಗೆ ಸಾಲುವಷ್ಟು ಕಟಕ್ ರೊಟ್ಟಿ. ಶೇಂಗಾ, ಅಗಸಿ, ಗುರೆಳ್ಳು ಎಂದು ಮೂರು ಬಗೆಯ ಹಿಂಡಿ. ಇವೆಲ್ಲದರ ಮೇಲೆ ಹಳೆಯ ಸೀರೆಗಳನ್ನು ಸೇರಿಸಿ ತಂಗಿಯೇ ಹೊಲಿದ ಒಂದು ಕೌದಿ. ಕೊಲ್ಹಾರದಲ್ಲಿ ಬಸ್ಸು ಬದಲಿಸುವಾಗ ಗಡಿಗೆಯ ಮೊಸರೂ ಜೊತೆಗೂಡಿತು. ಕೃಷ್ಣೆಯ ಉದ್ದನೆಯ ಸೇತುವೆ ದಾಟುವಾಗ ಹುಡುಗ ಹಿಂತಿರುಗಿ ನೋಡಿದ. ನಾನು ನೋಡದವನಂತೆ ಕುಳಿತೆ.

ಧಾರವಾಡದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಕೋಣೆಗಳ ಬೀಗ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ತೆರೆಯುತ್ತದೆಂದು ಅವನಿಂದ ತಿಳಿದುಕೊಂಡು, ಹಿಂದಿನ ಸಂಜೆಯೇ ಅವನ ಮನೆಯಲ್ಲಿ ಇಳಿದುಕೊಂಡಿದ್ದೆವು. ಎಂಟಕ್ಕೆ ಸರಿಯಾಗಿ ನಾವು ಬಾಗಿಲಲ್ಲಿದ್ದೆವು. ಮೂರು ಮಂಚಗಳ ಕೋಣೆ. ಒಂದು ಕಿಟಕಿಯ ಬದಿಗೆ, ಒಂದು ನಡುವೆ, ಒಂದು ಬಾಗಿಲ ಬಳಿ. ಕ್ಷಣವೂ ಯೋಚಿಸದೆ ಟ್ರಂಕನ್ನು ಕಿಟಕಿಯ ಬದಿಯ ಮಂಚದ ಮೇಲಿಟ್ಟು, ಕೌದಿ ಹಾಸಿ, ಗೆದ್ದವನಂತೆ ಕೈ ಒರೆಸಿಕೊಂಡೆ.

ನಡುವಿನ ಮಂಚದವನು ತಂದೆಯೊಡನೆ ಬಂದ. ಮೂರನೆಯವನು ಬಂದದ್ದು ಮಧ್ಯಾಹ್ನ, ಒಬ್ಬನೇ, ಹೆಗಲ ಮೇಲೊಂದು ಚೀಲ ಹೊತ್ತು. ಯಲ್ಲಾಪುರದ ಕಡೆಯ ಹುಡುಗ. ಕೋಣೆಯನ್ನು ಒಮ್ಮೆ ನೋಡಿ, ಉಳಿದಿದ್ದ ಬಾಗಿಲ ಬಳಿಯ ಮಂಚದ ಮೇಲೆ ಚೀಲವಿಟ್ಟ. “ಮನೆಯವರು ಯಾರೂ ಬರಲಿಲ್ಲವೇನಪ್ಪ?” ಎಂದೆ. “ಅಪ್ಪ ಬರೋನಿದ್ದ ಸರ್. ಬಂದ್ರೆ ಒಂದು ದಿನದ ಕೂಲಿ ಹೋಗ್ತದೆ, ಮೇಲೆ ಬಸ್ಸಿನ ಖರ್ಚು. ನಾನೇ ಬೇಡ ಅಂದೆ” ಎಂದು ನಕ್ಕ. ನಗು ಸಹಜವಾಗಿಯೇ ಇತ್ತು. ನನಗೆ ಮಾತ್ರ ಆಮೇಲೆ ಆ ಕೋಣೆಯಲ್ಲಿ ನಿಲ್ಲುವುದು ಕಷ್ಟವಾಯಿತು.

ಹಿಂತಿರುಗುವಾಗ ಬಸ್ಸಿನಲ್ಲಿ ನನ್ನ ಪರವಾಗಿ ನಾನೇ ವಾದಿಸಿಕೊಂಡೆ. ಮೊದಲು ಬಂದವರಿಗೆ ಮೊದಲ ಆಯ್ಕೆ ಎಂಬುದು ಲೋಕವೆಲ್ಲ ಒಪ್ಪಿದ ನಿಯಮ. ನಾನು ಯಾರ ವಶೀಲಿಯನ್ನೂ ಹಚ್ಚಲಿಲ್ಲ, ಯಾರ ಗಂಟನ್ನೂ ಎತ್ತಿಡಲಿಲ್ಲ. ನಮ್ಮ ಹುಡುಗನ ಹಿತವನ್ನು ನಾವು ನೋಡದೆ ಇನ್ನಾರು ನೋಡಬೇಕು? ತಾಯಿ ತನ್ನ ಮಗುವಿಗೆ ತುತ್ತಿಡುವಾಗ ಊರ ಮಕ್ಕಳನ್ನೆಲ್ಲ ನೆನೆಯಬೇಕೆ?

ವಾದ ಬಲವಾಗಿಯೇ ಇತ್ತು, ಮನಸ್ಸು ಒಪ್ಪಲಿಲ್ಲ. ಮೊದಲು ಬಂದವನೆಂದರೆ ಯಾರು? ಬೀಗ ತೆರೆಯುವ ಹೊತ್ತನ್ನು ತಿಳಿಸುವ ಗೆಳೆಯನಿದ್ದವನು, ರಾತ್ರಿ ತಂಗಲು ಮನೆಯಿದ್ದವನು, ರಜೆ ಹಾಕಿ ಜೊತೆಗೆ ಬರುವ ಮಾವನಿದ್ದವನು. ಎಲ್ಲರೂ ಒಂದೇ ಗೆರೆಯಿಂದ ಹೊರಟಿದ್ದರೆ ಮೊದಲು ಮುಟ್ಟಿದವನದು ನ್ಯಾಯವಾದ ಗೆಲುವು. ಇಲ್ಲಿ ಹುಡುಗರು ಓಡಿರಲೇ ಇಲ್ಲ. ಅವರ ಹಿಂದಿನ ಮನೆಗಳು ಓಡಿದ್ದವು.

ಇನ್ನು ತಾಯಿಯ ತುತ್ತಿನ ಮಾತು. ತಂಗಿ ಹೊಲಿದ ಕೌದಿಯಿಂದ ಜಗತ್ತಿನಲ್ಲಿ ಯಾರ ಮೈಯೂ ಚಳಿಗೆ ಬೀಳಲಿಲ್ಲ. ಅವಳು ತಟ್ಟಿದ ರೊಟ್ಟಿಯಿಂದ ಯಾರ ತಾಟಿನಲ್ಲೂ ರೊಟ್ಟಿ ಕಡಮೆಯಾಗಲಿಲ್ಲ. ಅದು ಇಲ್ಲದಿದ್ದುದನ್ನು ಉಂಟುಮಾಡಿದ ಪ್ರೀತಿ. ನಾನು ಕೊಡಿಸಿದ ಮಂಚ ಹಾಗಲ್ಲ. ಅದು ಮೊದಲೇ ಅಲ್ಲಿತ್ತು, ಮೂವರಿಗೂ ಸೇರಿತ್ತು. ನಾನು ಅದನ್ನು ಒಬ್ಬನ ಕಡೆಗೆ ಸರಿಸಿದೆ, ಅಷ್ಟೇ. ಮನೆಯಿಂದ ಹೊತ್ತು ತಂದದ್ದನ್ನು ಕೊಡುವಲ್ಲಿ ಮಮತೆಗೆ ಎಷ್ಟು ಬೇಕಾದರೂ ಸ್ವಾತಂತ್ರ್ಯವುಂಟು. ಹಂಚಿಕೊಳ್ಳಬೇಕಾದುದರ ಮುಂದೆ ಮಮತೆ ಸ್ವಲ್ಪ ತಡೆದು ನಿಲ್ಲಬೇಕು. ಎರಡಕ್ಕೂ ನಾವು ಸಹಾಯವೆಂಬ ಒಂದೇ ಹೆಸರಿಟ್ಟಿರುವುದರಿಂದ ಮನಸ್ಸು ಸುಲಭವಾಗಿ ಮೋಸಹೋಗುತ್ತದೆ.

ಅದೂ ನಾನು ಎಂಥ ಊರಿನಲ್ಲಿ ಹೀಗೆ ಮಾಡಿದೆ! ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆಯ ಹುಡುಗ ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ಕೊಲ್ಹಾಪುರಕ್ಕೋ ಹೋಗಬೇಕಿತ್ತು. ಪೇಟೆಗೆ ಬಂದ ಬಡ ಹುಡುಗರಲ್ಲಿ ಅನೇಕರಿಗೆ ವಾರಾನ್ನವೇ ಆಧಾರ: ಏಳು ದಿನಕ್ಕೆ ಏಳು ಮನೆಯ ಊಟ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ವಾರಾನ್ನದ ಬಾಗಿಲು ಎಲ್ಲ ಜಾತಿಯವರಿಗೂ ತೆರೆಯುತ್ತಿರಲಿಲ್ಲವೆಂಬುದನ್ನೂ ಮರೆಯಬಾರದು. ಆ ಕೊರತೆಯನ್ನು ಕಂಡವರು ಸುಮ್ಮನೆ ಕೂರಲಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಮೊದಲುಗೊಂಡು ಬೇರೆ ಬೇರೆ ಸಮಾಜಗಳ ಹುಡುಗರಿಗಾಗಿ ಒಂದಾದ ಮೇಲೊಂದು ವಸತಿಗೃಹ ತೆರೆಸಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ವಿದ್ಯಾರ್ಥಿಗಳಿಗೆ ಪ್ರಸಾದನಿಲಯ ನಡೆಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಹುಡುಗರ ಹಾಸ್ಟೆಲುಗಳಿಗಾಗಿ ದುಡಿದರು. ಕವಿ ಸಿದ್ಧಲಿಂಗಯ್ಯನವರು ಓದಿ ಬೆಳೆದದ್ದು ಅವರ ಹೆಸರಿನ ಹಾಸ್ಟೆಲಿನಲ್ಲಿ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಹೋಗಿ ಧಾನ್ಯ ಬೇಡಿ ಎಲ್ಲ ಜಾತಿಯ ಮಕ್ಕಳಿಗೂ ಉಣಬಡಿಸಿದರು.

ಇವರಲ್ಲಿ ಯಾರಿಗೂ ‘ನಮ್ಮವರು’ ಎಂಬ ಭಾವವೇ ಇರಲಿಲ್ಲವೆಂದು ನಾನು ಹೇಳಲಾರೆ. ಆಗಿನ ಎಷ್ಟೋ ವಸತಿಗೃಹಗಳು ಒಂದೊಂದು ಸಮಾಜದ ಹೆಸರಿನಲ್ಲಿಯೇ ಹುಟ್ಟಿದುವು. ಆದರೂ ಅವರಿಗೂ ನನಗೂ ಇದ್ದ ಅಂತರ ದೊಡ್ಡದು. ತಾವು ಮುಖ ಕಾಣದ ಹುಡುಗರನ್ನೂ ಅವರು ನಮ್ಮವರೆಂದರು. ನಾನು ಆ ಮಾತನ್ನು ಒಬ್ಬ ಅಳಿಯನ ಮಟ್ಟಕ್ಕೆ ಇಳಿಸಿದೆ. ಅವರು ಮಂಚಗಳ ಸಂಖ್ಯೆಯನ್ನು ಹೆಚ್ಚಿಸಿದರು; ನಾನು ಇದ್ದ ಮೂರರಲ್ಲಿ ಒಳ್ಳೆಯದನ್ನು ಆರಿಸಿಕೊಂಡೆ.

ಹಾಗಾದರೆ ನಾನೇನು ಮಾಡಬೇಕಿತ್ತು? ಟ್ರಂಕನ್ನು ನೆಲದ ಮೇಲಿಟ್ಟು, “ಮೂವರೂ ಬಂದ ಮೇಲೆ ಮಾತಾಡಿಕೊಳ್ಳಿರಿ” ಎಂದು ಹೇಳಿ ಚಹಾಕ್ಕೆ ಹೋಗಬಹುದಿತ್ತು. ಹಾಸ್ಟೆಲಿನ ಮೊದಲ ಪಾಠ ಅದೇ ಆಗುತ್ತಿತ್ತು. ಆ ಪಾಠವನ್ನು ಕಲಿಯುವ ಅವಕಾಶವನ್ನೇ ನಾನು ಕಸಿದುಕೊಂಡೆ. ಅದರ ಬದಲು ಇನ್ನೊಂದು ಪಾಠ ಹೇಳಿಕೊಟ್ಟೆ. ಹಿರಿಯರು ಬಾಯಿಂದ ಹೇಳುವುದನ್ನು ಮಕ್ಕಳು ಮರೆಯುತ್ತಾರೆ. ಕೈಯಿಂದ ಮಾಡಿದ್ದನ್ನು ಬೇಗ ಕಲಿಯುತ್ತಾರೆ.

ದೀಪಾವಳಿಗೆ ಅಳಿಯ ಮಸೂತಿಗೆ ಬಂದಿದ್ದ. ನಾನೂ ಹೋಗಿದ್ದೆ. ಅಂಜುತ್ತಲೇ ಕೇಳಿದೆ: “ಮಂಚ ಹೆಂಗೈತೋ ತಮ್ಮಾ?” ಅವನು ನಗತೊಡಗಿದ. “ಆ ಕಿಟಕಿ ಮಂಚ ಅದಲ್ಲಾ ಮಾಮಾ, ಮಳಿಗೆ ಎರಡನೇ ದಿನಕ್ಕೇ ಕೌದಿ ಪೂರಾ ತೋಯ್ದು ಹೋತು. ಯಲ್ಲಾಪುರದಾವ ಎದ್ದು ತನ್ನ ಮಂಚದಾಗ ಜಾಗಾ ಕೊಟ್ಟ. ಈಗ ಮೂರೂ ಮಂಚ ಕಿಟಕಿಯಿಂದ ಸರಿಸಿ ಜೋಡಸೇವಿ.” ಧಾರವಾಡದ ಜಿಟಿಜಿಟಿ ಮಳೆ ಪಡುವಲಿಂದ ಬೀಸಿ ಬರುತ್ತದೆಂಬುದು ಎರೆನಾಡಿನ ನನಗೆ ಹೊಳೆದಿರಲಿಲ್ಲ. ಮಳೆಯ ಸೀಮೆಯ ಆ ಹುಡುಗನಿಗೆ ಗೊತ್ತಿದ್ದಿರಬೇಕು.

ತಂಗಿ ಎಲ್ಲವನ್ನೂ ಕೇಳಿ ನಕ್ಕಳು. ನಾನೂ ನಕ್ಕೆ. ಆದರೆ ಮಳೆ ನನ್ನ ತಪ್ಪನ್ನು ತೊಳೆಯಿತೆಂದು ಹೇಳಿಕೊಳ್ಳಲಾರೆ. ಆ ಕಿಟಕಿಯಿಂದ ತಂಗಾಳಿಯಷ್ಟೇ ಬಂದಿದ್ದರೂ ತಪ್ಪು ತಪ್ಪೇ. ನನಗೆ ತಿಳಿಯದೆ ಹೋಗುತ್ತಿತ್ತು, ಅಷ್ಟೇ. ಅಳಿಯ ಮರಳಿ ಹೊರಟ ದಿನ ತಂಗಿ ಎರಡು ಗಂಟು ರೊಟ್ಟಿ ಕಟ್ಟಿದಳು. ಒಂದು ಯಾರಿಗೆಂದು ನಾನು ಕೇಳಲಿಲ್ಲ. ಗಂಟುಗಳನ್ನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತವನು ಮಾತ್ರ ನಾನೇ.