ವಾಡೆಯೂ ವಖಾರಿಯೂ

ಹಳೆಯ ಕಟ್ಟಡಗಳನ್ನು ಉಳಿಸಬೇಕೆಂಬ ಬಗ್ಗೆ ಎರಡು ಮಾತಿಲ್ಲ. ಆದರೆ ಯಾರ ಕಟ್ಟಡಗಳನ್ನು? ಹೀಗೆ ಕೇಳಿದೊಡನೆ ವಿಷಯ ತೊಡಕಾಗುತ್ತದೆ.

ನಿಪ್ಪಾಣಿಯನ್ನೇ ನೋಡಿ. ಪರಂಪರೆಯ ಮಾತು ಬಂದಾಗ ಬೆರಳು ಹೋಗುವುದು ಪೇಶ್ವೆ ಎರಡನೇ ಬಾಜಿರಾಯನ ಕಾಲದ ಸರದಾರ ಸಿದ್ಧೋಜಿರಾವ್ ನಿಂಬಾಳ್ಕರರ ವಾಡೆಯತ್ತ. ಅದು ಉಳಿಯಬೇಕಾದದ್ದೇ. ಆದರೆ ಈ ಊರಿಗೆ ಹೆಸರು ತಂದದ್ದು ತಂಬಾಕು. ಎಲೆ ಬೀಡಿಯ ಪುಡಿಯಾಗುತ್ತಿದ್ದುದು ಊರಿನ ವಖಾರಿಗಳಲ್ಲಿ. ಅಲ್ಲಿ ಘಾಟು ಕುಡಿಯುತ್ತಾ, ಕೆಮ್ಮುತ್ತಾ ದಿನವಿಡೀ ದುಡಿದವರು ಹೆಂಗಸರು. ಕೈಗೆ ಬರುತ್ತಿದ್ದುದು ಪುಡಿಗಾಸು. 1980ರ ಸುಮಾರಿಗೆ ಅವರು ಸಂಘ ಕಟ್ಟಿ ಹೋರಾಟಕ್ಕಿಳಿದರು. 1981ರಲ್ಲಿ ತಂಬಾಕಿಗೆ ತಕ್ಕ ಬೆಲೆ ಕೇಳಿ ರೈತರು ಶರದ್ ಜೋಶಿಯವರ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಕುಳಿತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ರೈತರು ಬಲಿಯಾದರು.

ವಖಾರಿಯ ಆ ಹೆಂಗಸರ ಕುರಿತು ದೀಪಾ ಧನರಾಜ್ ಮತ್ತು ಯುಗಾಂತರ್ ತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರ ತಯಾರಿಸಿತು. ಆ ಹಳೆಯ ಫಿಲ್ಮನ್ನು ಬರ್ಲಿನ್ನಿನ ಸಂಸ್ಥೆಯೊಂದು ಜತನದಿಂದ ಸರಿಪಡಿಸಿ ಉಳಿಸಿದೆ. ಚಿತ್ರಕ್ಕೆ ಜರ್ಮನಿಯಲ್ಲಿ ಸಿಕ್ಕ ಆಸರೆ ವಖಾರಿಗೆ ಸ್ವಂತ ಊರಿನಲ್ಲಿ ಸಿಗಬಾರದೇ?

ಕಾನೂನು ಇಲ್ಲಿ ಹೆಚ್ಚು ನೆರವಾಗದು. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ಸ್ಮಾರಕ ಎನಿಸಲು ಕನಿಷ್ಠ 100 ವರ್ಷ ತುಂಬಿರಬೇಕು. ಅದು ಕೇಳುವುದು ಕಟ್ಟಡದ ವಯಸ್ಸನ್ನು. ಒಳಗೆ ಹರಿದ ಬೆವರನ್ನಲ್ಲ. ದೀಪ ಹಚ್ಚುವ, ನಮಾಝ್ ನಡೆಯುವ ಕಟ್ಟಡಗಳಿಗಾದರೆ ಜನರೇ ಕಾವಲು. ಅಥಣಿಯ ಗಚ್ಚಿನಮಠಕ್ಕೆ ಭಕ್ತರಿದ್ದಾರೆ. ವಖಾರಿಗೆ ಯಾರಿದ್ದಾರೆ?

ಇದಕ್ಕೆ ಇನ್ನೊಂದು ಮುಖವೂ ಇದೆ. ಅಲ್ಲಿ ಎದೆ ಸವೆಸಿಕೊಂಡ ಅಜ್ಜಿಯೊಬ್ಬರು, ಆ ಗೋಡೆ ಬೀಳಲಿ, ಅಲ್ಲೊಂದು ದವಾಖಾನೆ ಏಳಲಿ ಎಂದರೆ? ಅವರ ನೋವನ್ನು ನಾವು ಪ್ರದರ್ಶನಕ್ಕಿಡುವುದು ನ್ಯಾಯವೇ? ನನ್ನ ಮಟ್ಟಿಗೆ, ಪುರಾತತ್ವ ತಜ್ಞರಿಗಿಂತ ಮೊದಲು ಅವರ ಮಾತು ನಡೆಯಬೇಕು. ಮಾಲೀಕರ ಪಾಡೂ ಇದೆ. ಮಾಳಿಗೆ ಸೋರುವಾಗ ಚಿಕ್ಕಾಸು ಕೊಡದವರು ಕೆಡವುವಾಗ ಮಾತ್ರ ಬೊಬ್ಬೆ ಹಾಕುವುದು ಸಲ್ಲದು. ಆದರೆ ಯಾರನ್ನೂ ಕೇಳದೆ ಒಂದು ಬೆಳಿಗ್ಗೆ ಜೆಸಿಬಿ ಬಂದು ನಿಲ್ಲುವುದಿದೆಯಲ್ಲ, ಅದನ್ನು ಒಪ್ಪಲಾಗದು.

ಎಲ್ಲ ವಖಾರಿಗಳೂ ಬೇಡ. ಒಂದಾದರೂ ಉಳಿಯಲಿ, ಅದರ ಜರಡಿ, ತಕ್ಕಡಿ, ಹಾಜರಿ ಪುಸ್ತಕಗಳೊಂದಿಗೆ. ಅದಕ್ಕೂ ಮೊದಲು ಆ ಹೆಂಗಸರ ಮಾತುಗಳನ್ನು ಬರೆದಿಡಬೇಕು. 1980ರಲ್ಲಿ 20ರ ಹರೆಯದಲ್ಲಿದ್ದವರಿಗೆ ಈಗ 65 ತುಂಬಿದೆ.