ಅಲ್ಪಸುಖವೂ ಪ್ರಸಾದಬುದ್ಧಿಯೂ

ಮನೆಯಲ್ಲಿ ಒಬ್ಬರು ಸಂಕಟದಲ್ಲಿರುವಾಗ ಮತ್ತೊಬ್ಬರು ಸಣ್ಣದೊಂದು ಸುಖವನ್ನು ಅನುಭವಿಸಬಹುದೇ? ಮೇಲ್ನೋಟಕ್ಕೆ ಈ ಪ್ರಶ್ನೆಯು ಅಲ್ಪವಾದುದೆಂದು ತೋರಬಹುದು. ಆದರೆ ಸಂಸಾರದಲ್ಲಿದ್ದುಕೊಂಡೇ ಶಿವಪಥದಲ್ಲಿ ನಡೆಯಬೇಕೆನ್ನುವ ಭಕ್ತರಿಗೆ ಇದು ಒಂದಿಲ್ಲೊಂದು ದಿನ ಎದುರಾಗದೆ ಇರದು. ನನಗೆ ಇದು ಎದುರಾದುದು ಶಾಸ್ತ್ರಗ್ರಂಥಗಳಲ್ಲಿ ಅಲ್ಲ, ಆಸ್ಪತ್ರೆಯ ಹೊರಗಿನ ಕಲ್ಲುಕಟ್ಟೆಯ ಮೇಲೆ.

ಕಳೆದ ಫಾಲ್ಗುಣದಲ್ಲಿ ನಮ್ಮ ಅಣ್ಣನವರ ಚಿಕಿತ್ಸೆಯ ನಿಮಿತ್ತ ಮಣಿಪಾಲದಲ್ಲಿ ಕೆಲವು ದಿನ ಇರಬೇಕಾಗಿ ಬಂದಿತು. ಒಂದು ಕಾಲಕ್ಕೆ ಮುರಕಲ್ಲಿನ ಬೋಳುಗುಡ್ಡವಾಗಿದ್ದ ಆ ಸ್ಥಳದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದ ಸಂಗತಿ ವಾಚಕರಿಗೆ ವಿದಿತವೇ ಆಗಿದೆ. ಘಟ್ಟದ ಮೇಲಿನ ನಮ್ಮ ಸೀಮೆಗಳಿಂದಲೂ ರೋಗಿಗಳು ಅಲ್ಲಿಗೆ ಹೋಗುವರು; ಅವರೊಡನೆ ಹೋದವರು ಹೊರಗೆ ಕಾಯುವರು. ಕಾಯುವವರೊಳಗೆ ಬಹುಬೇಗ ಸಖ್ಯವುಂಟಾಗುತ್ತದೆ. ಹಾಗೆ ಪರಿಚಿತರಾದವರಲ್ಲಿ ಹೂವಿನ ಹಡಗಲಿಯ ಕಡೆಯ ಒಬ್ಬ ಬೇಸಾಯಗಾರರು ಇದ್ದರು. ಲಿಂಗವಂತರು, ನಿತ್ಯ ಪೂಜೆಯನ್ನು ತಪ್ಪಿಸದವರು. ಅವರ ಧರ್ಮಪತ್ನಿ ಒಂಬತ್ತು ದಿನಗಳಿಂದ ತೀವ್ರನಿಗಾ ಘಟಕದಲ್ಲಿದ್ದರು.

ಒಂದು ಸಂಜೆ ಅವರು ಪೇಟೆಯಿಂದ ಅರ್ಧ ಚೆಂಡು ಮಲ್ಲಿಗೆಯನ್ನು ಕೊಂಡು ತಂದರು. ಹೆಂಡತಿಗೆಂದೇ ತಂದದ್ದು, ಆದರೆ ಆ ಕೋಣೆಯೊಳಕ್ಕೆ ಹೂವನ್ನು ಒಯ್ಯುವಂತಿರಲಿಲ್ಲ. ಬಾಳೆಯೆಲೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಪಕ್ಕದಲ್ಲಿ ಕುಳಿತರು. ಬಹಳ ಹೊತ್ತಿನ ಮೇಲೆ ತಲೆ ತಗ್ಗಿಸಿ ಕೇಳಿದರು: “ಮಾಸ್ತರ್ರ, ಆಕಿ ಒಳಗ ಉಸಿರಿಗೆ ಒದ್ದಾಡಾಕತ್ಯಾಳ. ನಾ ಇಲ್ಲಿ ಹೂವು ಮೂಸಿ ನಮ್ಮೂರು ನೆನಸಿ ಹಿಗ್ಗಿದೆ. ಲಿಂಗ ಕಟ್ಟಿದ ಮೈಗೆ ಇದು ತಕ್ಕದ್ದೇನ್ರಿ?”

ಆಗ ನನಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಷಟ್‌ಸ್ಥಲವನ್ನು ಬೋಧಿಸಿದವನಿಗೆ ಹೀಗಾದುದು ನಾಚಿಕೆಯ ವಿಷಯವೇ ಸರಿ.

ಆ ಹೂವಿನ ವೃತ್ತಾಂತವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಾಪುವಿಗೆ ಸಮೀಪದ ಶಂಕರಪುರದ ಸುತ್ತಮುತ್ತ ಸಣ್ಣ ಸಣ್ಣ ಹಿಡುವಳಿದಾರರು ಮನೆಯಂಗಳದಲ್ಲೇ ಈ ಮಲ್ಲಿಗೆಯನ್ನು ಬೆಳೆಯುವರು. ಬೆಳಗಿನಲ್ಲಿ ಮೊಗ್ಗುಗಳನ್ನು ಕೊಯ್ದು, ಮನೆಮಂದಿಯೆಲ್ಲ ಕೂಡಿ ಬಾಳೆನಾರಿನಿಂದ ಕಟ್ಟುವರು. 800 ಹೂಗಳಿಗೆ ಒಂದು ಚೆಂಡು. 4 ಚೆಂಡುಗಳಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3200 ಸಲ ಬೆರಳು ಆಡಿರಬೇಕು! ಬೆಲೆಯು ದಿನದಿನಕ್ಕೆ ಬೇರೆ. ಮದುವೆಯ ದಿನಗಳಲ್ಲಿ ಏರುವುದು, ಶುಭಕಾರ್ಯಗಳಿಲ್ಲದ ತಿಂಗಳಲ್ಲಿ ಇಳಿಯುವುದು. ಹಡಗಲಿಯೂ ಮಲ್ಲಿಗೆಗೆ ಹೆಸರಾದ ಊರು. ಆದಕಾರಣ ಆ ಕಂಪು ಆ ಬೇಸಾಯಗಾರರನ್ನು ಒಂದು ಕ್ಷಣ ತಮ್ಮ ಮನೆಯ ಬಾಗಿಲಿಗೆ ಕೊಂಡೊಯ್ದುದು ಆಶ್ಚರ್ಯವಲ್ಲ.

ಇನ್ನು ವಿಚಾರಕ್ಕೆ ಬರೋಣ. ಸುಖವನ್ನೆಲ್ಲ ತೊರೆದು ನಿಲ್ಲುವ ಮಾರ್ಗವೊಂದುಂಟು. ಅದೇ ಜಿಲ್ಲೆಯ ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ಪ್ರತಿಷ್ಠಿತನಾದ ಬಾಹುಬಲಿಯು ಆ ಮಾರ್ಗದ ಮಹೋನ್ನತ ಮೂರ್ತಿ. ಅದನ್ನು ಕಂಡು ಕೈಮುಗಿಯದವರುಂಟೇ? ಆದರೆ ಬಸವಾದಿ ಪ್ರಮಥರು ತೋರಿದ ದಾರಿ ಬೇರೆ. ಅವರಲ್ಲಿ ಬಹುಮಂದಿ ಗೃಹಸ್ಥರು. ಹೊಲ, ಮಗ್ಗ, ದೋಣಿ, ಅಂಗಡಿಗಳ ನಡುವೆ ಇದ್ದವರು. ಇಂದ್ರಿಯಗಳನ್ನು ಒಣಗಿಸಿರೆಂದು ಅವರು ಹೇಳಲಿಲ್ಲ. ಇಂದ್ರಿಯಗಳ ಮುಖದಲ್ಲಿ ಲಿಂಗವನ್ನಿರಿಸಿದರು. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂಬ ಈ ವ್ಯವಸ್ಥೆಯನ್ನು ನಾವು ಬಾಯಿಪಾಠ ಮಾಡಿಸುತ್ತೇವೆ. ಅದರ ತಾತ್ಪರ್ಯವನ್ನು ಮರೆಯುತ್ತೇವೆ. ಮೂಗಿಗೆ ಬಂದ ಕಂಪು ಮೊದಲು ಆಚಾರಲಿಂಗಕ್ಕೆ ಸಲ್ಲತಕ್ಕದ್ದು. ಸಂದ ಮೇಲೆ ನಮಗೆ ಮರಳುವುದು ಪ್ರಸಾದ. ಭಕ್ತ, ಮಹೇಶ ಸ್ಥಲಗಳ ತರುವಾಯದ ಪ್ರಸಾದಿಸ್ಥಲದ ಜೀವಾಳವೇ ಇದು. ಹರಿಹರ ಕವಿಯು ಶಿವನಿಗೆ ಹೂವನ್ನು ಆಯ್ದು ತರುವ ಸಂಭ್ರಮವನ್ನೇ ವಸ್ತುವಾಗಿಸಿ ‘ಪುಷ್ಪರಗಳೆ’ಯನ್ನು ರಚಿಸಿದನಲ್ಲವೇ? ಹೂವಿನಲ್ಲಿ ಹಿಗ್ಗುವುದು ಭಕ್ತಿಗೆ ಹೊರಗಿನದೆಂದು ಆತನು ಎಣಿಸಿರಲಾರ.

“ಸುಖದ ದಿನಕ್ಕೆ ಇದು ಸರಿ, ಹೆಂಡತಿಯು ಜೀವನ್ಮರಣಗಳ ನಡುವೆ ಇರುವಾಗ?” ಎಂದು ಯಾರಾದರೂ ಕೇಳಬಹುದು. ಆ ಮಹನೀಯರ ಮನಸ್ಸಿನಲ್ಲಿದ್ದುದೂ ಅದೇ. ಮಾತನಾಡುತ್ತ ಹೋದಂತೆ ಅವರು ಇನ್ನೊಂದು ಸಂಗತಿಯನ್ನು ಹೊರಗೆಡಹಿದರು. ಒಂಬತ್ತು ದಿನಗಳಿಂದ ಒಂದೇ ಹೊತ್ತು ಉಣ್ಣುತ್ತಿದ್ದರು, ಚಹಾ ಬಿಟ್ಟಿದ್ದರು, ಬರಿನೆಲದ ಮೇಲೆ ಮಲಗುತ್ತಿದ್ದರು. ತಾವು ಸುಖಪಡದೆ ಇದ್ದರೆ ಶಿವನು ಆಕೆಯನ್ನು ಉಳಿಸಿಯಾನೆಂಬ ನಂಬಿಕೆ! ಈ ನಂಬಿಕೆಯ ಹಿಂದೆ ಇರುವ ಪ್ರೀತಿಗೆ ನಾನು ತಲೆಬಾಗುವೆನು. ಆದರೆ ವಿಚಾರಿಸಿ ನೋಡಿದರೆ ಇದು ವ್ಯವಹಾರ. ನನ್ನ ದುಃಖವನ್ನು ಅಳೆದುಕೊಡುವೆ, ಅವಳ ಪ್ರಾಣವನ್ನು ಕೊಡು ಎಂಬುದು ಸಂತೆಯ ಮಾತು. ಫಲವನ್ನು ಬಯಸಿ ಮಾಡುವ ಪೂಜೆಯನ್ನು ಶರಣರು ಒಪ್ಪಲಿಲ್ಲ. ಫಲವನ್ನು ಬಯಸಿ ಪಡುವ ದುಃಖವನ್ನು ಒಪ್ಪುವರೇ? ನಮ್ಮ ದುಃಖಕ್ಕೆ ಶಿವನನ್ನು ಕಟ್ಟಿಹಾಕುವ ಬಲವಿದೆಯೆಂದು ಎಣಿಸುವುದರಲ್ಲಿ ಅಹಂಕಾರದ ಎಳೆಯೊಂದು ಅಡಗಿರುವುದು. ಅಲ್ಲದೆ ಕಾಯುವವನು ಬಳಲಿ ಬಿದ್ದರೆ ಒಳಗಿರುವವಳಿಗೆ ಆಸರೆ ಯಾರು?

ಹಾಗಾದರೆ ಬಂದ ಸುಖವನ್ನೆಲ್ಲ ಅಪ್ಪಿಕೊಳ್ಳಬಹುದೇ ಎಂದರೆ, ಅದೂ ಸಲ್ಲದು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರು ನಮಗೆ ದಾರಿದೀಪ. ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹಿಂದಕ್ಕೆ ಕಳುಹಿಸಿದರು. ಅಂದಿನ ಅಕ್ಕಿ ಅಂದಿಗೆ. ಅವರು ಅಕ್ಕಿಯನ್ನು ದೂರಲಿಲ್ಲ, ಹೆಚ್ಚಿನ ಆಸೆಯನ್ನು ದೂರಿದರು. ಸುಖಕ್ಕೂ ಇದೇ ಅಳತೆ. ತಾನಾಗಿ ಬಂದ ಕಂಪು ಅಂದಿನ ಅಕ್ಕಿ. ಅದರ ನೆವದಲ್ಲಿ ರೋಗಿಯನ್ನು ಮರೆತು ಪೇಟೆ ಸುತ್ತುವುದು ಹೆಚ್ಚಿನ ಅಕ್ಕಿ. ಸುಖವು ನಮ್ಮ ಮುಖವನ್ನು ನೋಯುವವರಿಂದ ತಿರುಗಿಸಿತೋ, ಅಥವಾ ಅವರೆಡೆಗೆ ಹೊಸ ಬಲದಿಂದ ಮರಳಿಸಿತೋ ಎಂಬುದನ್ನು ಅವರವರೇ ಪರೀಕ್ಷಿಸಿಕೊಳ್ಳಬೇಕು. ಇದರಲ್ಲಿ ಗುರುವಾಗಲಿ ಗ್ರಂಥವಾಗಲಿ ಸಾಕ್ಷಿ ಹೇಳಲಾರದು.

ಇವೆಲ್ಲವನ್ನೂ ಅಂದು ನಾನು ಇಷ್ಟು ಕ್ರಮವಾಗಿ ಹೇಳಿದೆನೆಂದಲ್ಲ. “ಹೂವನ್ನು ಲಿಂಗಕ್ಕೆ ಏರಿಸಿರಿ, ಆಮೇಲೆ ನೀವು ಹಿಗ್ಗಿದ್ದು ತಪ್ಪೋ ಸರಿಯೋ ಎಂದು ಅವನನ್ನೇ ಕೇಳಿರಿ” ಎಂದಷ್ಟೇ ಹೇಳಿದೆ. ಅವರು ಎದ್ದು ಹೋಗಿ ಕೈಕಾಲು ತೊಳೆದು ಬಂದು, ಒಂದು ಮೂಲೆಯಲ್ಲಿ ಕುಳಿತು, ಕರಸ್ಥಲದ ಲಿಂಗಕ್ಕೆ ನಾಲ್ಕಾರು ಮಲ್ಲಿಗೆಯನ್ನೇರಿಸಿ ಸುಮ್ಮನೆ ಕಣ್ಣುಮುಚ್ಚಿದರು. ಮಿಕ್ಕ ಹೂವನ್ನು ಅಲ್ಲಿ ಕಾಯುತ್ತಿದ್ದ ಹೆಣ್ಣುಮಕ್ಕಳಿಗೆ ತುಂಡುತುಂಡಾಗಿ ಹಂಚಿದರು. ಅವರಲ್ಲಿ ಬ್ಯಾರಿ ಸಮುದಾಯದ ಒಬ್ಬ ಮುದುಕಿಯೂ ಇದ್ದಳು. ಆಕೆ ಆ ತುಂಡನ್ನು ಮೊಮ್ಮಗಳ ಜಡೆಗೆ ಮುಡಿಸಿದಳು.

ಮರುದಿನ ಬೆಳಗ್ಗೆ ಅವರ ಪತ್ನಿಯ ಸ್ಥಿತಿಯಲ್ಲಿ ಏನೂ ಬದಲಾವಣೆಯಿರಲಿಲ್ಲ. ಅವರು ಎರಡು ಲೋಟ ಚಹಾ ತಂದರು. ಒಂದನ್ನು ನನಗೆ ಕೊಟ್ಟರು, ಇನ್ನೊಂದನ್ನು ಎದೆಯ ಲಿಂಗದ ಬಳಿ ಕ್ಷಣಕಾಲ ಹಿಡಿದು ತಾವು ಕುಡಿದರು. ಅನಂತರ ಒಳಗಿನಿಂದ ಕರೆ ಬಂದುದರಿಂದ ಲೋಟವನ್ನು ಕಟ್ಟೆಯ ಮೇಲಿರಿಸಿ ಹೋದರು.